ತೊಬಿಯಾಶನಿಗೊಬ್ಬ ಸಾಕ್ಷಿ

ತೊಬಿಯಾಶ್ ತೀರಿಕೊಂಡ ಸುದ್ದಿ ಕೊಶಿನೊವೊಗೆ ಬಂದದ್ದು ಅವನ ಹೆಂಡತಿ ಎಸ್ತೆರಾ ಹಿತ್ತಲಿನಲ್ಲಿ ಎಲೆಕೋಸಿನ ಸಸಿ ನೆಡುತ್ತಿದ್ದ ದಿನ. ಹಿಂದಿನ ದಿನ ಮಳೆಯಾಗಿ ಮಣ್ಣು ಹದವಾಗಿತ್ತು. ಬೇಲಿಯ ಆಚೆ ನಿಂತ ಹೆಂಗಸೊಬ್ಬಳು "ಎಸ್ತೆರಾ! ಲೇ ಎಸ್ತೆರಾ!" ಎಂದು ಕೂಗಿದಳು. ತಲೆಗೆ ಬಿಳಿ ವಸ್ತ್ರ, ಹೆಗಲಿಗೆ ಗಂಟು, ಕೊರಳಲ್ಲಿ ಜಪಸರ. ಆ ಊರಿನಲ್ಲಿ ಜಪಸರ ಹಾಕಿಕೊಳ್ಳುವವರು ಯಾರೂ ಇರಲಿಲ್ಲ. ಎಸ್ತೆರಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಬುಗ್ ನದಿಯ ದಂಡೆಯ ದೊಂಬ್ರೋವ್ಕದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿದ್ದ ಪೆತ್ರೊನೆಲಾ!

"ನೀನೇನೇ? ಅಲ್ಲಿಂದ ಇಲ್ಲೀತನಕ ನಡಕೊಂಡು ಬಂದ್ಯಾ?"

"ಲಿಪ್ಕಾ ಗುಡಿಯ ಮರಿಯ ಮಾತೆಗೆ ಹರಕೆ ಹೊತ್ತಿದ್ದೆ. ಊರಿನ ಜನ ಎಲ್ಲ ಹೊರಟಿದ್ವಿ. ಅವರು ದೊಡ್ಡ ರಸ್ತೇಲಿ ಕೂತು ಕಾಲಿಗೆ ಎಣ್ಣೆ ಹಚ್ಕೊಳ್ತಿದ್ದಾರೆ. ನಾನೊಬ್ಬಳೇ ಈ ಕಡೆ ತಿರುಗಿದೆ."

ಎಸ್ತೆರಾಳ ಕಣ್ಣು ಪೆತ್ರೊನೆಲಾಳನ್ನು ದಾಟಿ ರಸ್ತೆಗೆ ಹೋಯಿತು. ಹಿಮ ಕರಗಿದಾಗಿನಿಂದ ಅವಳಿಗೆ ಅದೇ ಅಭ್ಯಾಸವಾಗಿತ್ತು. ಯಾರು ಬಂದರೂ ಮೊದಲು ಅವರ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುವಳು.

"ಅವನು ಬರಲ್ಲ ಕಣೆ," ಎಂದಳು ಪೆತ್ರೊನೆಲಾ. ದನಿ ತಗ್ಗಿತು. "ಚಳಿಗಾಲದಲ್ಲೇ ಹೋಗ್ಬಿಟ್ಟ. ಮೇಣದಬತ್ತಿ ಹರಸೋ ಹಬ್ಬ ಆಗಿ ವಾರ ಆಗಿತ್ತು. ಎದೆ ಕಟ್ಟಿತ್ತು, ಉಸಿರು ಎಳೀತಿದ್ದ. ಇಷ್ಟು ದೂರ ಸುದ್ದಿ ಹೇಳಿ ಕಳಿಸೋಕೆ ಯಾರೂ ಸಿಗಲಿಲ್ಲ."

ಎಸ್ತೆರಾಳ ಕೈಯಲ್ಲಿ ಸಸಿಯೊಂದಿತ್ತು. ಅದನ್ನು ಗುಳಿಯಲ್ಲಿ ಇಟ್ಟು, ಬುಡಕ್ಕೆ ಮಣ್ಣು ಒತ್ತಿ, ಕೈ ತೊಳೆದುಕೊಂಡು ಬಂದು ಬೇಲಿಯ ಬಾಗಿಲು ತೆಗೆದಳು. "ಒಳಗೆ ಬಾ. ನಡೆದು ದಣಿದಿದ್ದೀಯ," ಎಂದಳು.

ಏಳು ವರ್ಷದ ಹಿಂದೆ ಪೋಲೆಂಡಿನ ರಾಜನೂ ಸರದಾರರೂ ಕೂಡಿ ಒಂದು ಆಜ್ಞೆ ಹೊರಡಿಸಿದ್ದರು. ಜನ ಏರಿಯನ್ನರು ಎಂದು ಹೀಗಳೆಯುತ್ತಿದ್ದ, ತಮ್ಮನ್ನು ತಾವು ಬರೀ ಸಹೋದರರು ಎಂದು ಕರೆದುಕೊಳ್ಳುತ್ತಿದ್ದ ಎಸ್ತೆರಾಳ ಪಂಥದ ಮಂದಿ ಗೊತ್ತುಮಾಡಿದ ದಿನದೊಳಗೆ ಕಥೋಲಿಕ ಗುಡಿಗೆ ಬಂದು ಸೇರಬೇಕು, ಇಲ್ಲವೇ ರಾಜ್ಯ ಬಿಡಬೇಕು. ತಪ್ಪಿದರೆ ತಲೆದಂಡ. ಎಸ್ತೆರಾಳ ಮುತ್ತಜ್ಜನ ಕಾಲದಲ್ಲಿ ಆ ಹಿರಿಯರು ಬೈಬಲನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಕೂತು ಓದಿದ್ದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬ ದೇವರು ಎಂಬ ಮಾತು ಅವರಿಗೆ ಅದರಲ್ಲಿ ಎಲ್ಲೂ ಸಿಗಲಿಲ್ಲ. ದೇವರು ತಂದೆ ಒಬ್ಬನೇ. ಯೇಸು ಅವನು ಕಳಿಸಿದ, ಅವನು ಸತ್ತವರಿಂದ ಎಬ್ಬಿಸಿ ಮೇಲೇರಿಸಿದ ಮನುಷ್ಯ. ಹೀಗೆಂದು ನಂಬಿ ಅವರು ಬೇರೆ ಸಭೆ ಕಟ್ಟಿಕೊಂಡಿದ್ದರು. ಬುದ್ಧಿ ಬಂದ ಮೇಲೆಯೇ ಸ್ನಾನದ ದೀಕ್ಷೆ, ಆಣೆ ಇಡಬಾರದು, ಕತ್ತಿ ಹಿಡಿಯಬಾರದು. ನೂರು ವರ್ಷ ಹಾಗೆ ಬದುಕಿ, ಕೊನೆಗೆ ಗಾಡಿ ಕಟ್ಟಬೇಕಾಯಿತು.

ಎಸ್ತೆರಾ ಮಗಳು ಮಾರ್ತಾಳನ್ನು ಕರೆದುಕೊಂಡು ಗಾಡಿ ಹತ್ತಿ ಪ್ರಷ್ಯದ ಈ ಕೊಶಿನೊವೊಗೆ ಬಂದಳು. ತೊಬಿಯಾಶ್ ಬರಲಿಲ್ಲ. ಅವನ ತಾಯಿ ಸೊಂಟ ಮುರಿದು ಮಲಗಿದ್ದಳು. ಗಾಡಿಯಲ್ಲಿ ಹಾಕಿದರೆ ದಾರಿಯಲ್ಲೇ ಸಾಯುತ್ತಾಳೆ, ಬಿಟ್ಟರೆ ಹಸಿದು ಸಾಯುತ್ತಾಳೆ. ಆ ಮುದುಕಿಗೆ ತಲೆಯೂ ಮೊದಲಿನಂತೆ ಇರಲಿಲ್ಲವಾದ್ದರಿಂದ ಅಧಿಕಾರಿಗಳು ಅವಳ ಗೊಡವೆಗೆ ಹೋಗಲಿಲ್ಲ. ಆದರೆ ಮಗನನ್ನು ಸುಮ್ಮನೆ ಬಿಡಲಿಲ್ಲ. ತೊಬಿಯಾಶ್ ಗುಡಿಗೆ ಹೋಗಿ ಊರೆಲ್ಲ ನೋಡುವಂತೆ ಮೊಣಕಾಲೂರಿ, ತ್ರಿಯೇಕ ದೇವರನ್ನು ನಂಬುತ್ತೇನೆ ಎಂದು ಹೇಳಿ ಬಂದ. ಮಾರನೆಯ ದಿನ ಗಾಡಿಯ ಪಕ್ಕ ನಿಂತು, "ಅಮ್ಮನ್ನ ಮಣ್ಣು ಮಾಡಿದ ಮೇಲೆ ಹೊರಡ್ತೀನಿ. ಅಲ್ಲಿಗೆ ಬಂದು ಸಭೆ ಮುಂದೆ ನಿಂತು ಇದನ್ನೆಲ್ಲ ಒಪ್ಕೊಳ್ತೀನಿ. ಮತ್ತೆ ಸೇರಿಸ್ಕೊಳ್ತಾರೆ," ಎಂದಿದ್ದ. ಮುದುಕಿ ಗಟ್ಟಿಯಾಗಿದ್ದಳು. ತೀರಿಕೊಂಡದ್ದು ಹೋದ ಶರತ್ಕಾಲದಲ್ಲಿ. ಆಗ ದಾರಿಯೆಲ್ಲ ಕೆಸರು, ಆಮೇಲೆ ಹಿಮ. ಹಿಮ ಕರಗಿದ ಕೂಡಲೇ ಬರುತ್ತೇನೆಂದು ಅವನು ಕುದುರೆ ವ್ಯಾಪಾರಿಯೊಬ್ಬನ ಬಾಯಲ್ಲಿ ಹೇಳಿ ಕಳಿಸಿದ್ದ.

ಪೆತ್ರೊನೆಲಾ ಬಟಾಣಿಯ ಗಂಜಿಯನ್ನೂ ಕಪ್ಪು ರೊಟ್ಟಿಯನ್ನೂ ಚೆನ್ನಾಗಿಯೇ ಉಂಡಳು. ಎಸ್ತೆರಾ ಎದುರಿಗೆ ಕೂತಿದ್ದಳು. ಮಾರ್ತಾ ಒಲೆಯ ಬಳಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು.

"ಅಳಬೇಡ ಕೂಸೇ. ನಿಮ್ಮಪ್ಪಂದು ಒಳ್ಳೆ ಸಾವು," ಎಂದಳು ಪೆತ್ರೊನೆಲಾ. "ನಾನು ಪಕ್ಕದಲ್ಲೇ ಇದ್ದೆ. ಹರಸಿದ ಬತ್ತಿ ಹಚ್ಚಿ ಕೈಗೆ ಕೊಟ್ಟೆ. ಎಷ್ಟು ಭಕ್ತಿಯಿಂದ ಹಿಡ್ಕೊಂಡ ಅಂತೀ! ತಂದೆ, ಮಗ, ಪವಿತ್ರಾತ್ಮ ಅಂತ ಬಾಯಲ್ಲಿ ಹೇಳ್ತಾನೇ ಹೋದ. ಪಾದ್ರಿಗಳು ಗುಡಿ ಅಂಗಳದಲ್ಲೇ ಜಾಗ ಕೊಟ್ರು. ಗಂಟೇನೂ ಹೊಡೆಸಿದ್ರು. ಉಳಿದ ಬತ್ತಿ ಇಲ್ಲೇ ಗಂಟಲ್ಲಿದೆ, ಲಿಪ್ಕಾದಲ್ಲಿ ಅವನ ಹೆಸರಲ್ಲಿ ಹಚ್ತೀನಿ."

ಹೇಳಿ ಮುಗಿಸಿ ಅವಳು ಎಸ್ತೆರಾಳ ಮುಖ ನೋಡಿದಳು. ಸಮಾಧಾನ ಕಾಣಬೇಕಿತ್ತು, ಕಾಣಲಿಲ್ಲ.

"ಅವನೇ ಹಿಡ್ಕೊಂಡನೋ, ನೀನು ಹಿಡಿಸಿದ್ಯೋ?" ಎಂದು ಎಸ್ತೆರಾ ಕೇಳಿದಳು.

"ಅವನೇ. ಯಾಕೆ?"

"ಸುಮ್ನೆ ಕೇಳ್ದೆ."

"ಈಗ್ಲೂ ಅದೇ ಹಟಾನಾ ನಿಮ್ದು? ಮೂರರಲ್ಲಿ ಎರಡನ್ನ ದಾರೀಲಿ ಬೀಳಿಸ್ಕೊಂಡು ಬಂದೋರು ಅಂತ ನಮ್ಮ ಪಾದ್ರಿಗಳು ನಿಮ್ಮನ್ನ ನೆನೆಸ್ಕೊಂಡು ನಗ್ತಾರೆ."

"ಮೊದಲಿಂದ ಇದ್ದದ್ದೇ ಒಂದು ಅಂತ ಹೇಳು ಅವರಿಗೆ," ಎಂದಳು ಎಸ್ತೆರಾ. ಇಬ್ಬರೂ ಒಂದಿಷ್ಟು ನಕ್ಕರು. ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಸೇದಿದವರು; ಇಂಥ ಮಾತು ಅವರ ನಡುವೆ ಹೊಸದಲ್ಲ. ನಗು ನಿಂತಮೇಲೆ ಎಸ್ತೆರಾ ಖಾಲಿ ಬಟ್ಟಲು ಎತ್ತಿಕೊಂಡು ಎದ್ದಳು.

ಪೆತ್ರೊನೆಲಾ ಹೊರಟಾಗ ಮಾರ್ತಾ ಅವಳ ಗಂಟು ಹೊತ್ತು ರಸ್ತೆಯವರೆಗೆ ಹೋದಳು. ಬರುವುದು ತಡವಾಯಿತು. ಅಷ್ಟರಲ್ಲಿ ಎಸ್ತೆರಾ ಶಾಲು ಹೊದ್ದು ಬೋಧಕರ ಮನೆಗೆ ನಡೆದಿದ್ದಳು.

ಬೋಧಕ ಅಖಾತ್ಸಿ ವಯಸ್ಸಾದವರು. ರಾಕೂವಿನಲ್ಲಿದ್ದ ಸಹೋದರರ ದೊಡ್ಡ ಶಾಲೆಯನ್ನು ಮುಚ್ಚಿಸುವ ಮೊದಲು ಅಲ್ಲಿ ಕಲಿತವರು. ಅವರ ಜೊತೆ ಸಭೆಯ ಹಿರಿಯ ಯೆರೆಮಿಯಾಶನೂ ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ದೊಂಬ್ರೋವ್ಕದವನೇ ಆತ, ತೊಬಿಯಾಶನೂ ಅವನೂ ಒಂದೇ ದಿನ ನದಿಯಲ್ಲಿ ಮುಳುಗಿ ದೀಕ್ಷೆ ತೆಗೆದುಕೊಂಡಿದ್ದರು. ದೇಶ ಬಿಟ್ಟು ಬರುವಾಗ ಅವನ ಇಬ್ಬರು ಮಕ್ಕಳು ಜ್ವರ ಬಂದು ಸತ್ತರು. ದಾರಿಯ ಬದಿಯಲ್ಲಿ ಹೂತು ಬಂದಿದ್ದ. ಹಿಂದೆ ಉಳಿದವರ ಹೆಸರೆತ್ತಿದರೆ ಅವನ ಮುಖ ಗಂಟಾಗುತ್ತಿತ್ತು.

ಎಸ್ತೆರಾ ಸುದ್ದಿ ಹೇಳಿದಳು. ಅಖಾತ್ಸಿ ಎದ್ದು ಅವಳ ಎರಡೂ ಕೈ ಹಿಡಿದುಕೊಂಡರು. ಯೆರೆಮಿಯಾಶನ ಸೂಜಿ ನಿಂತಿತು.

"ಭಾನುವಾರ ಕರ್ತನ ಭೋಜನ ಇದೆ," ಎಂದಳು ಎಸ್ತೆರಾ. "ಅವರ ಹೆಸರು ಹೇಳ್ತೀರಾ ಅಂತ ಕೇಳೋಕೆ ಬಂದೆ."

ಆ ಸಭೆಯಲ್ಲಿ ಸತ್ತವರಿಗಾಗಿ ಬೇಡುವ ಪದ್ಧತಿ ಇರಲಿಲ್ಲ. ಸತ್ತವರು ಕಡೆಯ ದಿನದವರೆಗೆ ನಿದ್ರಿಸುತ್ತಾರೆ, ಅವರಿಗೆ ನಮ್ಮ ಮಾತು ಮುಟ್ಟುವುದಿಲ್ಲ ಎಂದು ಅವರು ತಿಳಿದಿದ್ದರು. ಆದರೆ ಮೇಜಿನ ಸುತ್ತ ಕೂತು ರೊಟ್ಟಿ ಮುರಿದ ಮೇಲೆ ಬೋಧಕರು ಎದ್ದು, ಈ ನಮ್ಮ ಸಹೋದರ ನಿದ್ರಿಸಿದ್ದಾನೆ, ಅವನನ್ನು ನಮಗೆ ಕೊಟ್ಟಿದ್ದಕ್ಕೆ ಸ್ತೋತ್ರ ಎಂದು ಹೆಸರು ಹಿಡಿದು ಹೇಳುವರು. ಅಷ್ಟೇ. ಹೆಸರು ಬಂದರೆ ಅವನು ನಮ್ಮವನು. ಬಾರದಿದ್ದರೆ ಹೊರಗಿನವನು. ತ್ರಿಯೇಕವನ್ನು ಒಪ್ಪಿ ಬಂದವನಿಗೆ ಮೇಜಿನ ಬಳಿ ಸ್ಥಳವಿರಲಿಲ್ಲ. ಸಭೆಯ ಮುಂದೆ ನಿಂತು ಒಪ್ಪಿಕೊಂಡ ಮೇಲೆಯೇ ಮತ್ತೆ ಸೇರಬಹುದಿತ್ತು.

"ಅವನು ಬಂದು ನಿಲ್ಲಲಿಲ್ಲವಲ್ಲ ಎಸ್ತೆರಕ್ಕ," ಎಂದರು ಅಖಾತ್ಸಿ ಮೆಲ್ಲಗೆ.

"ಬರೋಕೆ ಆಗಲಿಲ್ಲ, ಅಷ್ಟರಲ್ಲಿ ಸತ್ರು."

"ನನ್ನ ಮಕ್ಕಳೂ ಸತ್ರು," ಎಂದ ಯೆರೆಮಿಯಾಶ್. "ನಾವು ಅವತ್ತು ಬಗ್ಗಿದ್ರೆ ಅವರು ಇವತ್ತು ಎದುರಿಗೆ ಇರ್ತಿದ್ರು."

ಅಖಾತ್ಸಿ ಅವನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಎಸ್ತೆರಾಳನ್ನು ಕೇಳಿದರು: "ಸಾಯೋ ಹೊತ್ತಲ್ಲಿ ಹತ್ತಿರ ಯಾರಾದ್ರೂ ಇದ್ರಾ? ನಮ್ಮ ನಂಬಿಕೆ ಬಾಯಲ್ಲಿ ಬಂತು ಅಂತ ಒಬ್ಬರು ಹೇಳಿದ್ರೂ ಸಾಕು. ಸಭೆ ಮುಂದೆ ಒಪ್ಕೊಂಡ ಹಾಗೇ ಅಂತ ತಗೊಳ್ತೀವಿ."

"ಪೆತ್ರೊನೆಲಾ ಇದ್ಲಂತೆ."

"ಏನಂದ್ಲು?"

"ಲಿಪ್ಕಾದಿಂದ ವಾಪಸು ಇದೇ ದಾರೀಲಿ ಬರ್ತಾಳೆ. ನೀವೇ ಕೇಳಿ," ಎಂದಳು ಎಸ್ತೆರಾ. ಬತ್ತಿಯ ಮಾತನ್ನು ಅವಳು ಎತ್ತಲಿಲ್ಲ. ಅದನ್ನು ತನ್ನ ಬಾಯಿಂದಲೇ ಹೇಳಲು ಆಗಲಿಲ್ಲ. ಇನ್ನೊಂದು ಸಲ ಕೇಳಿದರೆ ಪೆತ್ರೊನೆಲಾಳಿಗೆ ಬೇರೆ ಏನಾದರೂ ನೆನಪಾದೀತು ಎಂಬ ಆಸೆಯೂ ಇತ್ತು.

ಭೋಜನದ ಹಿಂದಿನ ದಿನ ಶನಿವಾರ ಎಲ್ಲರೂ ಸಭೆಯ ಮನೆಯಲ್ಲಿ ಸೇರಿ, ಒಬ್ಬರ ಮೇಲೊಬ್ಬರಿಗೆ ಇರುವ ದೂರುಗಳನ್ನು ಎದುರಿಗೇ ಹೇಳಿ, ರಾಜಿಯಾಗಿ ಏಳುವುದು ಅವರ ರೂಢಿ. ಅವತ್ತು ಒಬ್ಬನ ಕರು ಇನ್ನೊಬ್ಬನ ಓಟ್ಸ್ ಹೊಲಕ್ಕೆ ನುಗ್ಗಿದ ವ್ಯಾಜ್ಯ ಮುಗಿಯುವ ಹೊತ್ತಿಗೆ ಪೆತ್ರೊನೆಲಾ ಬಂದಳು. ಮಾರ್ತಾಳೇ ಬಾಗಿಲಲ್ಲಿ ಕಾದಿದ್ದು ಕರೆತಂದಳು. ಚಿತ್ರವಿಲ್ಲ, ಶಿಲುಬೆಯಿಲ್ಲ, ಬೆಂಚು ಮೇಜು ಬಿಟ್ಟರೆ ಬರೀ ಗೋಡೆ. ಪೆತ್ರೊನೆಲಾ ಸುತ್ತ ನೋಡಿ, "ಗುಡಿ ಎಲ್ಲಿ?" ಎಂದು ಪಿಸುಗುಟ್ಟಿದಳು.

"ಇದೇ," ಎಂದಳು ಮಾರ್ತಾ.

"ಅಯ್ಯೋ, ನಮ್ಮ ದನದ ಕೊಟ್ಟಿಗೇನೇ ವಾಸಿ."

ಅಖಾತ್ಸಿಯವರಿಗೆ ಕೇಳಿಸಿತು, ಮುಗುಳ್ನಕ್ಕರು. "ಕೂತ್ಕೊಳ್ಳಮ್ಮ. ತೊಬಿಯಾಶ್ ಹೇಗೆ ಹೋದ ಅಂತ ನಮಗೆ ಹೇಳಬೇಕು. ನೀನು ಕಂಡದ್ದನ್ನ ಮಾತ್ರ."

"ಲಿಪ್ಕಾದ ಮಾತೆಯಾಣೆ, ನಾನು—"

"ಆಣೆ ಬೇಡ. ಇಲ್ಲಿ ಯಾರೂ ಆಣೆ ಇಡಲ್ಲ. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ."

"ಆಣೆ ಇಲ್ದೆ ನಂಬ್ತೀರಾ?"

"ನಂಬ್ತೀವಿ."

ಪೆತ್ರೊನೆಲಾ ಒಮ್ಮೆ ಮಾರ್ತಾಳ ಕಡೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳತೊಡಗಿದಳು. ತೊಬಿಯಾಶ್ ದಿನಾ ತಾಯಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಿಸಿಲಿಗೆ ತರುತ್ತಿದ್ದ; ಅವಳು ಹೊಡೆಯುತ್ತಿದ್ದಳು, ಉಗುಳುತ್ತಿದ್ದಳು, ಇವನು ಮುಖ ಒರೆಸಿಕೊಂಡು ಗಂಜಿ ಕುಡಿಸುತ್ತಿದ್ದ. ತಾಯಿ ಹೋದ ಮೇಲೆ ತನ್ನ ಮಗ್ಗದ ಮುಂದೆ ನೇಯದೆ ಸುಮ್ಮನೆ ಕೂತಿರುತ್ತಿದ್ದ. ಆಮೇಲೆ ಕೆಮ್ಮು ಹತ್ತಿತು. "ಕೊನೇ ಹೊತ್ತಲ್ಲಿ ನಾನು ಹರಸಿದ ಬತ್ತಿ ಕೈಗೆ ಕೊಡೋಕೆ ಹೋದೆ. ತಳ್ಳಿಬಿಟ್ಟ. ಬೇಡ, ತಂದೆ ಒಬ್ಬನೇ ದೇವರು, ನಾನು ಅವನ್ನ ಬಿಟ್ಟಿಲ್ಲ ಅಂದ. ಆಮೇಲೆ ಪ್ರಾಣ ಹೋಯ್ತು."

ಯೆರೆಮಿಯಾಶ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. "ಏಳು ವರ್ಷ ಅವನನ್ನ ಬೈದುಕೊಂಡೇ ತಿರುಗಿದೆ," ಎಂದ. "ದೇವರು ನನ್ನನ್ನ ಕ್ಷಮಿಸಲಿ."

"ನಾಳೆ ಅವನ ಹೆಸರು ಹೇಳೋಣ," ಎಂದರು ಅಖಾತ್ಸಿ.

ಮಾರ್ತಾ ತಾಯಿಯ ಕೈಯನ್ನು ಒತ್ತಿ ಹಿಡಿದಳು. ಆ ಹಿಡಿತದಿಂದಲೇ ಎಸ್ತೆರಾಳಿಗೆ ಎಲ್ಲ ಗೊತ್ತಾಯಿತು: ಮೊದಲ ದಿನ ರಸ್ತೆಯಲ್ಲಿ ಮಾರ್ತಾ ಅಷ್ಟು ಹೊತ್ತು ನಿಂತದ್ದು ಯಾಕೆ, ಪೆತ್ರೊನೆಲಾಳಿಗೆ ಅವಳು ಹೇಳಿಕೊಟ್ಟದ್ದು ಏನು. ಬಯಸಿದ್ದು ಕೈಗೆ ಬಂದಿತ್ತು. ಬಾಯಿ ಮುಚ್ಚಿ ಕೂತಿದ್ದರೆ ಸಾಕು. ಆದರೆ ಆಣೆ ಇಲ್ಲದೆ ನಂಬುತ್ತೇವೆ ಎಂದು ಅಖಾತ್ಸಿ ಈಗ ತಾನೇ ಹೇಳಿದ್ದರು. ಆ ನಂಬಿಕೆಯ ಮೇಲೆಯೇ ಈ ಜನರೆಲ್ಲ ಮನೆ ಮಠ ಕಳೆದುಕೊಂಡು ಇಲ್ಲಿ ಕೂತಿದ್ದರು. ಅದರ ಮೇಲೆ ಸುಳ್ಳು ಇಟ್ಟು ತೊಬಿಯಾಶನ ಹೆಸರು ಹೇಳಿಸುವುದಾದರೆ, ಆ ಹೆಸರಿಗೆ ಏನು ಬೆಲೆ?

ಅವಳು ಎದ್ದು ನಿಂತಳು.

"ಅಮ್ಮಾ, ಕೂತ್ಕೋ," ಎಂದಳು ಮಾರ್ತಾ.

"ಈಕೆ ನನ್ನ ಮನೇಲಿ ಹೇಳಿದ್ದೇ ಬೇರೆ," ಎಂದಳು ಎಸ್ತೆರಾ. "ಬತ್ತಿ ಹಿಡ್ಕೊಂಡ್ರು, ತ್ರಿಯೇಕದ ಹೆಸರು ಹೇಳಿದ್ರು ಅಂತ ಹೇಳಿದ್ಲು. ನಾನು ಅದನ್ನ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ."

ಎಲ್ಲರ ಕಣ್ಣೂ ಪೆತ್ರೊನೆಲಾಳ ಮೇಲೆ ಬಿತ್ತು. ಅವಳು ಕೆಂಪಾದಳು.

"ನಿಂಗೇನು ತಲೆ ಕೆಟ್ಟಿದ್ಯೇನೇ?" ಎಂದು ಎಸ್ತೆರಾಳ ಮೇಲೆ ಹರಿಹಾಯ್ದಳು. "ನಿನಗೋಸ್ಕರ ತಾನೇ ಹೇಳಿದ್ದು! ಕಾಲೆಲ್ಲ ಬೊಬ್ಬೆ ಬಂದ್ರೂ ಸುತ್ತು ಹಾಕಿ ಬಂದೆ!"

"ಎರಡರಲ್ಲಿ ಯಾವುದು ನಿಜ?" ಯೆರೆಮಿಯಾಶ್ ಮುಖದಿಂದ ಕೈ ತೆಗೆದಿದ್ದ.

"ಯಾವುದೂ ಇಲ್ಲ!" ಪೆತ್ರೊನೆಲಾಳಿಗೆ ಅಳು ಬಂದುಬಿಟ್ಟಿತು. "ನಾನು ಅಲ್ಲಿ ಇರಲೇ ಇಲ್ಲ. ಯಾರೂ ಇರಲಿಲ್ಲ. ಸಂಜೆ ಸಾರು ಕೊಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ ತಣ್ಣಗಾಗಿದ್ದ. ಅವನು ಒಳಗೊಳಗೇ ಏರಿಯನ್ನೇ ಅಂತ ಪಾದ್ರಿಗಳಿಗೆ ಮೊದಲಿಂದ ಅನುಮಾನ. ಬೇಲಿ ಆಚೆ ನಾಯಿ ಹೂತ ಹಾಗೆ ಹೂಳ್ತಿದ್ರು. ಅದಕ್ಕೇ ನಾನೇ ಬತ್ತಿ ಹಚ್ಚಿ, ಬೆರಳು ಮಡಚಿ ಹಿಡಿಸಿದೆ. ಹಿಡ್ಕೊಂಡೇ ಹೋದ ಅಂತ ಹೇಳಿದೆ. ಅವರು ನಂಬಿದ್ರು. ನೀವೂ ನಂಬ್ತಿದ್ರಿ. ಇಬ್ಬರ ಹತ್ರಾನೂ ಅವನಿಗೆ ಒಂದು ಜಾಗ ಸಿಗ್ತಿತ್ತು. ಇವಳೇ ಹಾಳು ಮಾಡಿದ್ಲು!"

ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು ಅವಳು ಬೆಂಚಿನ ಮೇಲೆ ಕುಕ್ಕರಿಸಿದಳು. ಎಸ್ತೆರಾ ಹೋಗಿ ಅವಳ ಪಕ್ಕ ಕೂತಳು. ಅಖಾತ್ಸಿ ಹೇಳಿದರು: "ಹಾಗಾದ್ರೆ ನಮಗೆ ಏನೂ ಗೊತ್ತಿಲ್ಲ."

"ತಾಯಿನ ನೋಡ್ಕೊಂಡಿದ್ದು?" ಎಂದು ಯೆರೆಮಿಯಾಶ್ ಪೆತ್ರೊನೆಲಾಳನ್ನು ಕೇಳಿದ. "ಅದೂ ಕಟ್ಟಿದ ಕತೇನಾ?"

"ಅದು ಊರಿಗೇ ಗೊತ್ತು. ಹೋಗಿ ಯಾರನ್ನ ಬೇಕಾದ್ರೂ ಕೇಳು."

ಯೆರೆಮಿಯಾಶ್ ತಲೆಯಾಡಿಸಿದ. ಎದ್ದು ಬಂದು ಎಸ್ತೆರಾಳ ಮುಂದೆ ನಿಂತ. "ಹೆಸರು ಹೇಳೋಕಾಗಲ್ಲ ಅಕ್ಕ. ಗೊತ್ತಿಲ್ಲದ್ದನ್ನ ಗೊತ್ತು ಅನ್ನೋಕಾಗಲ್ಲ. ಆದ್ರೆ ಇನ್ನು ನಾನು ಅವನನ್ನ ಬೈಯಲ್ಲ."

"ಅಷ್ಟು ಸಾಕು," ಎಂದಳು ಎಸ್ತೆರಾ. ಅಷ್ಟು ಸಾಲದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪೆತ್ರೊನೆಲಾ ಆ ಸಂಜೆಯೇ ತನ್ನ ಜೊತೆಯವರನ್ನು ಸೇರಿಕೊಳ್ಳಲು ಹೊರಟಳು. ಬೇಲಿಯ ಬಳಿ ನಿಂತು, "ಲಿಪ್ಕಾದಲ್ಲಿ ಅವನಿಗೋಸ್ಕರ ಬತ್ತಿ ಹಚ್ಚಿ ಬಂದೆ. ನಿಂಗೆ ಸಿಟ್ಟಾ?" ಎಂದು ಕೇಳಿದಳು.

"ಇಲ್ಲ. ಕೊನೇ ಸಲ ಸಾರು ಕೊಟ್ಟೋಳು ನೀನು. ಕುಡಿದ್ರಾ?"

"ಅರ್ಧ ಕುಡಿದ. ಉಪ್ಪು ಜಾಸ್ತಿ ಅಂದ."

"ಹಾಗೇ ಅನ್ನೋರು," ಎಂದಳು ಎಸ್ತೆರಾ. ಸುದ್ದಿ ಬಂದಮೇಲೆ ಮೊದಲ ಬಾರಿಗೆ ಅವಳಿಗೆ ಅಳು ಬಂತು. ಪೆತ್ರೊನೆಲಾ ಅವಳನ್ನು ತಬ್ಬಿಕೊಂಡು, ಶಿಲುಬೆಯ ಗುರುತು ಮಾಡಲು ಕೈ ಎತ್ತಿ, ನೆನಪಾಗಿ ಇಳಿಸಿ, ಬೆನ್ನು ಸವರಿ ಹೋದಳು.

ಮಾರ್ತಾ ಅವತ್ತು ಊಟಕ್ಕೂ ಕೂರಲಿಲ್ಲ. ಮಲಗುವ ಮುಂಚೆ ಗೋಡೆಯ ಕಡೆ ತಿರುಗಿಕೊಂಡು, "ಅಪ್ಪನ ಮೇಲೆ ನಿಂಗೆ ಪ್ರೀತಿ ಇದ್ದಿದ್ರೆ ಸುಮ್ನಿರ್ತಿದ್ದೆ," ಎಂದಳು. ಎಸ್ತೆರಾ ಹುಡುಗಿಯ ಹೊದಿಕೆ ಸರಿಮಾಡಿ ಬಂದಳು.

ಭಾನುವಾರ ಎಲ್ಲರೂ ಮೇಜಿನ ಸುತ್ತ ಕೂತರು. ಅಖಾತ್ಸಿ ರೊಟ್ಟಿ ಮುರಿದರು; ದ್ರಾಕ್ಷಾರಸದ ಪಾತ್ರೆ ಕೈಯಿಂದ ಕೈಗೆ ಬಂತು. ಹೆಸರು ಹೇಳುವ ಹೊತ್ತು ಬಂದಾಗ ಅವರು ಎದ್ದು ನಿಂತರು. ಆ ತಿಂಗಳು ತೀರಿಕೊಂಡ ಮುದುಕಿಯೊಬ್ಬಳ ಹೆಸರು ಹೇಳಿದರು. ಆಮೇಲೂ ಕೂರದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ತುಟಿ ಅಲುಗಲಿಲ್ಲ. ಕೂತರು. ಕೀರ್ತನೆ ಶುರುವಾಯಿತು.

ಜನ ಹೋದಮೇಲೆ ಎಸ್ತೆರಾ ಒಳಗೇ ಉಳಿದಳು. ಸತ್ತವರಿಗಾಗಿ ಬೇಡಬಾರದೆಂದು ಚಿಕ್ಕಂದಿನಿಂದ ಕಲಿತವಳು ಅವಳು. ತಪ್ಪಿದ್ದರೆ ದೇವರೇ ತಿದ್ದಲಿ ಎಂದುಕೊಂಡು ಬೆಂಚಿನ ಪಕ್ಕ ಮೊಣಕಾಲೂರಿದಳು. ಬಾಗಿಲಲ್ಲಿ ಮಾರ್ತಾ ನಿಂತಿದ್ದಳು. ಒಂದಿಷ್ಟು ಹೊತ್ತು ನೋಡುತ್ತಿದ್ದು, ಒಳಗೆ ಬಂದು, ತಾಯಿಯನ್ನು ಮುಟ್ಟದೆ, ಅವಳೂ ಪಕ್ಕದಲ್ಲಿ ಮೊಣಕಾಲೂರಿದಳು. ಎಸ್ತೆರಾ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ತಂದೆಯೇ, ನೀನೊಬ್ಬನೇ ದೇವರು. ನಿನ್ನ ಮಗನಾದ ಯೇಸುವನ್ನು ಸತ್ತವರಿಂದ ಎಬ್ಬಿಸಿದವನು ನೀನು. ಅವನ ಹೆಸರಿನಲ್ಲಿ ಕೇಳುತ್ತೇನೆ. ತೊಬಿಯಾಶ್ ಹೋಗುವಾಗ ಅವನ ಬಾಯಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ. ಆ ಕೋಣೆಯಲ್ಲಿ ಇದ್ದವನು ನೀನು ಮಾತ್ರ. ಅವನು ನಿನ್ನನ್ನು ಕರೆದಿದ್ದರೆ ನೀನು ಕೇಳಿರುತ್ತೀ. ಕರೆಯಲು ಉಸಿರು ಸಾಲದೆ ಹೋಗಿದ್ದರೆ ಅದೂ ನಿನಗೆ ಗೊತ್ತು. ಅವನು ಹೆದರಿ ಒಮ್ಮೆ ಬಗ್ಗಿದ, ಅದನ್ನು ಮನ್ನಿಸು. ತಾಯಿಯನ್ನು ಬಿಟ್ಟು ಬರಲಿಲ್ಲ, ಅದನ್ನು ಮರೆಯಬೇಡ. ಅವನು ಬಹಳ ದಣಿದಿದ್ದಾನೆ, ತಂದೆಯೇ. ನಿನ್ನ ದಿನ ಬರುವವರೆಗೆ ಅವನನ್ನು ನೆಮ್ಮದಿಯಿಂದ ಮಲಗಿಸು. ಅವನ ನಿದ್ರೆಗೆ ಶಾಂತಿ ಇರಲಿ. ಆಮೆನ್."